ಎರಡು ಮಾತಿನ ಊರಿಗೆ ಒಂದು ಪುಸ್ತಕ

ಗಡಿಭಾಗದ ಕನ್ನಡ ಸಂಘಗಳು ಹೊರತರುವ ಸ್ಮರಣ ಸಂಚಿಕೆಗಳನ್ನು ನಾವು ಬಹಳ ವರ್ಷಗಳಿಂದ ಓದುತ್ತ ಬಂದಿದ್ದೇವೆ. ನಮ್ಮ ಭಾಗವನ್ನು ಕುರಿತ ಲೇಖನಗಳ ನಡಿಗೆ ಅವುಗಳಲ್ಲಿ ಹೆಚ್ಚುಕಡಿಮೆ ಒಂದೇ ತೆರನಾದುದು. ಕನ್ನಡ ನಾಡಿನ ಉತ್ತರದ ಎಲ್ಲೆ ಗೋದಾವರಿಯೆಂದು ಕವಿರಾಜಮಾರ್ಗದಲ್ಲಿ ಹೇಳಿದೆ ಎಂಬಲ್ಲಿಂದ ಆರಂಭ. ಅನಂತರ ಕಲ್ಯಾಣದ ಚಾಲುಕ್ಯರು, ಶಿಲಾಶಾಸನಗಳು, ದೇವಾಲಯಗಳು. ಅಲ್ಲಿಂದ ಒಂದೇ ನೆಗೆತಕ್ಕೆ 1956ರ ರಾಜ್ಯ ಪುನರ್ವಿಂಗಡಣೆ, 1967ರ ಮಹಾಜನ ವರದಿ. ಕೊನೆಗೆ ನಮಗಾದ ಅನ್ಯಾಯ. ಇವೆಲ್ಲ ಹೇಳಲೇಬೇಕಾದ ಸಂಗತಿಗಳು, ಸಂದೇಹವಿಲ್ಲ. ಆದರೆ ಇವುಗಳ ನಡುವೆ ಮನುಷ್ಯರು ಎಲ್ಲಿದ್ದಾರೆ? ಶಾಸನ ಹಾಕಿಸಿದ ದಂಡನಾಯಕನ ಹೆಸರನ್ನು ಬಿರುದುಗಳ ಸಮೇತ ಅಚ್ಚು ಹಾಕಿಸುತ್ತೇವೆ. ಆ ಕಲ್ಲಿನ ಪಕ್ಕದಲ್ಲಿಯೇ ಎಮ್ಮೆ ಕಟ್ಟುವ ಮನೆಯ ಅವ್ವ ಬೆಳಗಾಗೆದ್ದು ಆ ಎಮ್ಮೆಯನ್ನು ಯಾವ ಮಾತಿನಲ್ಲಿ ಗದರಿಸುತ್ತಾಳೆ ಎಂಬುದು ನಾವು ಓದಿದ ಒಂದು ಸಂಚಿಕೆಯಲ್ಲಿಯೂ ಬಂದಿಲ್ಲ.

ಮಾಕಣಿಯಂಥ ಊರಿಗೆ, ಅಂದರೆ ಉಮರ್ಗಾ, ನಿಲಂಗಾ, ಉದಗೀರಗಳ ಸುತ್ತಿನ ಯಾವುದೇ ಹಳ್ಳಿಗೆ, ತಕ್ಕ ಪುಸ್ತಕವೊಂದು ಹೇಗಿರಬೇಕು ಎಂಬುದನ್ನು ಇಲ್ಲಿ ವಿಚಾರಿಸಬೇಕೆಂದಿದ್ದೇವೆ. ಬರಿಯ ಅಪೇಕ್ಷೆಗಳ ಪಟ್ಟಿ ಕೊಟ್ಟರೆ ಅದು ವಿಮರ್ಶೆಯಾಗದು. ಆದ್ದರಿಂದ ಊರನ್ನೇ ವಸ್ತುವಾಗಿ ಉಳ್ಳ ಮೂರು ಪುಸ್ತಕಗಳನ್ನು ಮುಂದಿಟ್ಟುಕೊಂಡು, ಅವು ಏನನ್ನು ಕಂಡವು, ಏನನ್ನು ಕಾಣದೆ ಹೋದವು ಎಂದು ನೋಡಿ, ಅಲ್ಲಿಂದ ಮಾಕಣಿಗೆ ಬರುತ್ತೇವೆ.

ಮೊದಲನೆಯದು ಬಹು ದೂರದ್ದು. ಮೆಕ್ಸಿಕೋ ದೇಶದ ಯುಕಾತಾನ್ ಪ್ರಾಂತದಲ್ಲಿ ಚಾನ್ ಕೋಮ್ ಎಂಬ ಊರಿದೆ. ಅಲ್ಲಿಯ ಜನ ಮಾಯಾ ಕುಲದವರು. ಜಗತ್ಪ್ರಸಿದ್ಧವಾದ ಚಿಚೆನ್ ಇಟ್ಸಾದ ಪಾಳುಗೋಪುರಗಳು ಅಲ್ಲಿಗೆ ಹೆಚ್ಚು ದೂರವಲ್ಲ. ಇಷ್ಟು ದೂರದ ಊರು ನಮ್ಮ ಸಂಚಿಕೆಗೇಕೆ ಎಂದು ವಾಚಕರು ಕೇಳಬಹುದು. ಮನೆಯಲ್ಲಿ ಮಾಯಾ ಮಾತು, ಶಾಲೆಯಲ್ಲಿಯೂ ಕಚೇರಿಯಲ್ಲಿಯೂ ಸ್ಪ್ಯಾನಿಷ್; ಪಕ್ಕದಲ್ಲಿ ಪೂರ್ವಿಕರು ಕಟ್ಟಿದ ಭವ್ಯ ಕಲ್ಲುಗಳು, ಅವನ್ನು ನೋಡಲು ಬರುವ ಪರಸ್ಥಳದವರು; ಆ ಕಲ್ಲುಗಳ ಗೊಡವೆಯಿಲ್ಲದೆ ಮಳೆಯ ದಾರಿ ನೋಡುತ್ತ ಜೋಳ ಬಿತ್ತುವ ರೈತರು. ಅವರದು ಗೋವಿನ ಜೋಳ, ನಮ್ಮದು ಬಿಳಿಜೋಳ. ಇಷ್ಟನ್ನು ಬಿಟ್ಟರೆ ಆ ಊರಿನ ಚಿತ್ರ ನಮಗೆ ಅಪರಿಚಿತವೆನಿಸುವುದಿಲ್ಲ.

ಆ ಊರನ್ನು ಕುರಿತ ಪುಸ್ತಕವನ್ನು ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯವರು 1934ರಲ್ಲಿ ಪ್ರಕಟಿಸಿದರು. ಬರೆದವರು ಇಬ್ಬರು. ಒಬ್ಬರು ಶಿಕಾಗೋ ವಿಶ್ವವಿದ್ಯಾಲಯದ ಪ್ರಸಿದ್ಧ ಪ್ರಾಧ್ಯಾಪಕ ರಾಬರ್ಟ್ ರೆಡ್‌ಫೀಲ್ಡ್. ಇನ್ನೊಬ್ಬರು ಅಲ್ಫೊನ್ಸೊ ವಿಯಾ ರೊಹಾಸ್, ಅದೇ ಊರಿನ ಶಾಲಾ ಮಾಸ್ತರರು! ಸರಕಾರ ಕಳುಹಿಸಿದ ಶಿಕ್ಷಕರಾಗಿ ಅಲ್ಲಿಗೆ ಬಂದು, ಊರವರ ನಡುವೆ ನೆಲೆಸಿ, ಕಂಡುದನ್ನು ಬರೆದಿಡುತ್ತ ಹೋದ ಆ ಮಾಸ್ತರರಿಲ್ಲದಿದ್ದರೆ ಪ್ರಾಧ್ಯಾಪಕರ ಪುಸ್ತಕ ಬರಿದಾಗುತ್ತಿತ್ತೆಂದೇ ನಮ್ಮ ಅಭಿಪ್ರಾಯ. ನಮ್ಮಂತೆ ಸೀಮೆಸುಣ್ಣ ಹಿಡಿದು ಬಾಳು ಕಳೆದವರಿಗೆ ಈ ಸಂಗತಿ ಸ್ವಲ್ಪ ಹೆಮ್ಮೆ ತರುವುದು ಸಹಜ.

ಪುಸ್ತಕದ ಬಲವೆಲ್ಲ ಅದರ ವಿವರಗಳಲ್ಲಿದೆ. ಕಾಡು ಕಡಿದು, ಸುಟ್ಟು, ಬೂದಿಯಲ್ಲಿ ಬೀಜ ಊರುವ ಕ್ರಮ. ಹುಟ್ಟಿನಿಂದ ಸಾವಿನವರೆಗಿನ ಆಚಾರಗಳು. ಮಳೆ ತಡೆದಾಗ ಮಾಡುವ ಪೂಜೆ. ಆ ಪೂಜೆಯಲ್ಲಿ ವೇದಿಕೆಯ ಕಾಲುಗಳ ಬಳಿ ಚಿಕ್ಕ ಹುಡುಗರನ್ನು ಕೂರಿಸುತ್ತಾರೆ; ಅವರು ಕಪ್ಪೆಗಳಂತೆ ವಟಗುಟ್ಟಬೇಕು. ಇದನ್ನು ಓದುವಾಗ ನಮ್ಮ ಸೀಮೆಯ ಗುರ್ಜಿ, ಕಪ್ಪೆಯ ಮದುವೆ, ಮರಾಠಿ ಮನೆಗಳ ಮುಂದೆ ಬೇವಿನ ಸೊಪ್ಪು ಸುತ್ತಿಕೊಂಡು ನೀರು ಹೊಯ್ಯಿಸಿಕೊಳ್ಳುವ ಧೋಂಡಿಯ ಹುಡುಗ, ಎಲ್ಲವೂ ನೆನಪಾಗುತ್ತವೆ. ಸಮುದ್ರಗಳಾಚೆಯ ರೈತನೂ ಕಪ್ಪೆಯನ್ನೇ ಮಳೆಯ ವಕೀಲನನ್ನಾಗಿ ಮಾಡಿಕೊಂಡಿದ್ದಾನೆ! ಪುಸ್ತಕದ ಇನ್ನೊಂದು ಸೊಗಸು, ಊರಿನ ಮುಖಂಡ ಎವುಸ್ತಾಕಿಯೊ ಸೆಮೆ ಎಂಬವನ ಆತ್ಮಕಥೆಗೆ ಒಂದು ಅಧ್ಯಾಯವನ್ನೇ ಬಿಟ್ಟುಕೊಟ್ಟಿರುವುದು. ಊರವನೊಬ್ಬನು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳಲು ವಿದ್ವಾಂಸರು ಜಾಗ ಬಿಟ್ಟದ್ದು ಆ ಕಾಲಕ್ಕೆ ದೊಡ್ಡ ಮಾತು.

ಚಾನ್ ಕೋಮಿನವರು ಸುಮ್ಮನೆ ಕುಳಿತ ಜನವಲ್ಲ. ತಮ್ಮ ಊರಿಗೆ ಜಮೀನಿನ ಹಕ್ಕು ಬೇಕೆಂದು ಅರ್ಜಿ ಹಾಕಿದರು, ನೇರವಾದ ಬೀದಿಗಳನ್ನು ಎಳೆದರು, ನಡುವೆ ಚೌಕ ಬಿಟ್ಟರು, ಕಲ್ಲಿನ ಮನೆಗಳನ್ನು ಕಟ್ಟಿದರು. 1930ರ ದಶಕದಲ್ಲಿ ಅದು ತಾನೇ ಒಂದು ಪುರಸಭೆಯ ಕೇಂದ್ರವಾಯಿತು. ರೆಡ್‌ಫೀಲ್ಡರು 1948ರಲ್ಲಿ ಮರಳಿ ಹೋಗಿ ನೋಡಿ, ಪ್ರಗತಿಯನ್ನು ಆರಿಸಿಕೊಂಡ ಊರು ಎಂಬ ಅರ್ಥದ ಹೆಸರಿಟ್ಟು 1950ರಲ್ಲಿ ಎರಡನೆಯ ಪುಸ್ತಕ ಬರೆದರು.

ಆ ಹೆಸರಿನಲ್ಲಿಯೇ ನಮಗೆ ತಕರಾರಿದೆ. ಊರು ಆರಿಸಿಕೊಂಡಿತು ಎಂದರೇನು? ಊರೆಂಬುದು ಕೈಯೆತ್ತಿ ಮತ ಹಾಕುವ ಒಬ್ಬ ವ್ಯಕ್ತಿಯಲ್ಲ. ಯಾರು ಆರಿಸಿದರು, ಯಾರು ಒಪ್ಪಿಕೊಂಡರು, ಯಾರು ಊರು ಬಿಟ್ಟು ಹೋದರು? ವಿಕ್ಟರ್ ಗೋಲ್ಡ್‌ಕೈಂಡ್ ಎಂಬ ವಿದ್ವಾಂಸರು 1965ರಲ್ಲಿ ಇದೇ ಪ್ರಶ್ನೆಯನ್ನು ಎತ್ತಿ, ಎಲ್ಲರೂ ಸಮಾನರೆಂದು ತೋರಿಸಿದ ಆ ಊರಿನಲ್ಲಿ ಸಿರಿವಂತಿಕೆಯೂ ಅಧಿಕಾರವೂ ಕೆಲವರ ಕೈಯಲ್ಲಿದ್ದುವೆಂದು ವಾದಿಸಿದರು. ರೆಡ್‌ಫೀಲ್ಡರ ಇನ್ನೊಂದು ಊರಾದ ತೆಪೋಸ್‌ತ್ಲಾನಿಗೂ ಇದೇ ಗತಿಯಾಗಿತ್ತು. ಅವರು ಸೌಹಾರ್ದವನ್ನು ಕಂಡ ಕಡೆ ಆಸ್ಕರ್ ಲೂಯಿಸ್ ಜಗಳ, ಸಂಶಯ, ಬಡತನಗಳನ್ನು ಕಂಡು 1951ರಲ್ಲಿ ಬರೆದರು. ದೊಡ್ಡ ಮನೆಯ ಜಗಲಿಯ ಮೇಲೆ ಕುಳಿತು ಊರನ್ನು ನೋಡಿದರೆ ಊರು ಯಾವಾಗಲೂ ಒಗ್ಗಟ್ಟಾಗಿಯೇ ಕಾಣುತ್ತದೆ. ಇದು ಮಾಕಣಿಯ ಪುಸ್ತಕ ಬರೆಯುವವರು ನೆನಪಿಡಬೇಕಾದ ಮಾತು.

ಇನ್ನೊಂದು ಕೊರತೆಯನ್ನು ಆ ವಿದ್ವಾಂಸರು ಅಷ್ಟಾಗಿ ಎತ್ತಲಿಲ್ಲ. ನಮಗೆ ಮಾತ್ರ ಅದೇ ದೊಡ್ಡದಾಗಿ ಕಾಣುತ್ತದೆ. ಚಾನ್ ಕೋಮಿನ ಜನರ ಮಾತು ನಮಗೆ ಇಂಗ್ಲಿಷಿನಲ್ಲಿ ಮಾತ್ರ ಕೇಳಿಸುತ್ತದೆ. ಮಾಯಾ ಶಬ್ದಗಳು ಅರ್ಥಸಹಿತವಾಗಿ ಬರುತ್ತವೆ, ಪದಕೋಶದಲ್ಲಿ ಬರುವಂತೆ. ಮನೆಯಲ್ಲಿ ಒಂದು ಮಾತು, ಶಾಲೆಯಲ್ಲಿ ಇನ್ನೊಂದು ಮಾತು ಆಡುವ ಹುಡುಗನ ಬಾಯಲ್ಲಿ ಅವೆರಡೂ ಹೇಗೆ ಕೂಡಿಕೊಂಡವು, ಜಗಳವಾಡುವಾಗ ಯಾವುದು ಮುಂದೆ ಬಂತು, ಸಾಲ ಕೇಳುವಾಗ ಯಾವುದು ಬಂತು, ಇದು ಎಲ್ಲಿಯೂ ಕೇಳಿಸುವುದಿಲ್ಲ.

ಈಗ ನಮ್ಮ ನೆಲಕ್ಕೆ ಬರೋಣ. ಮರಾಠಿಯಲ್ಲಿ ವ್ಯಂಕಟೇಶ ಮಾಡಗೂಳಕರರ ‘ಬನಗರವಾಡಿ’ 1955ರಲ್ಲಿ ಬಂತು. ಕನ್ನಡದಲ್ಲಿ ರಾವಬಹಾದ್ದೂರರ ‘ಗ್ರಾಮಾಯಣ’ 1957ರಲ್ಲಿ ಬಂತು. ಈ ಎರಡು ವರ್ಷಗಳ ನಡುವೆ 1956ರ ನವೆಂಬರ್ 1 ಇದೆ. ಆ ದಿನ ಎಳೆದ ಗೆರೆ ನಮ್ಮ ಮನೆಯಂಗಳಗಳಲ್ಲಿ ಹಾದುಹೋದಂತೆ ಈ ಎರಡು ಕಾದಂಬರಿಗಳ ನಡುವೆಯೂ ಹಾದುಹೋಗಿದೆ ಎಂದು ನಮಗೆ ಅನೇಕ ಸಲ ಅನಿಸಿದೆ. ಕರ್ನಾಟಕದ ವಾಚಕರು ಒಂದನ್ನು ಓದುತ್ತಾರೆ, ಮಹಾರಾಷ್ಟ್ರದವರು ಇನ್ನೊಂದನ್ನು. ಎರಡನ್ನೂ ಮೂಲದಲ್ಲಿಯೇ ಓದಬಲ್ಲವರು ನಮ್ಮ ಗಡಿಯ ಜನ. ವಿಮರ್ಶಕರಾಗಿ ನಮಗಿರುವ ಅನುಕೂಲ ಇದೊಂದೇ. ಅದನ್ನೂ ಬಳಸಿಕೊಳ್ಳದಿದ್ದರೆ ಹೇಗೆ?

‘ಬನಗರವಾಡಿ’ಯ ಕಥೆ ಸರಳವಾದುದು. ಔಂಧ ಸಂಸ್ಥಾನದ ಮೂಲೆಯ ಕುರುಬರ ವಾಡಿಯೊಂದಕ್ಕೆ ಎಳೆಯ ಮಾಸ್ತರನೊಬ್ಬ ಬರುತ್ತಾನೆ. ಶಾಲೆಯಿದೆ, ಮಕ್ಕಳಿಲ್ಲ, ಅವರು ಕುರಿಗಳ ಹಿಂದಿದ್ದಾರೆ. ಊರಿನ ಹಿರಿಯ ಕಾರಭಾರಿಯ ವಿಶ್ವಾಸ ಗಳಿಸಿ, ಶಾಲೆ ನಡೆಸಿ, ಜನರ ದುಡಿಮೆಯಿಂದ ಒಂದು ತಾಲೀಮು ಕಟ್ಟಿಸುತ್ತಾನೆ. ಅಷ್ಟರಲ್ಲಿ ಬರ ಬೀಳುತ್ತದೆ. ಕುರಿಗಳು ಸಾಯುತ್ತವೆ, ಜನ ಊರು ತೊರೆಯುತ್ತಾರೆ, ವಾಡಿ ಬರಿದಾಗುತ್ತದೆ. ಮಾಡಗೂಳಕರರ ವಾಕ್ಯಗಳು ಬಹಳ ಚಿಕ್ಕವು. ಅವರು ಜನರ ಮೇಲೆ ಕನಿಕರ ಸುರಿಯುವುದಿಲ್ಲ, ಉಪದೇಶಿಸುವುದಿಲ್ಲ; ಕುರಿಯ ಹಟ್ಟಿಯ ವಾಸನೆ ಪುಟದಿಂದ ಏಳುವಂತೆ ಬರೆಯುತ್ತಾರೆ. ಕಲಿಸಲು ಹೋದವನು ತಾನೇ ಕಲಿತು ಬರುವುದನ್ನು ಇಷ್ಟು ಹಗುರಾಗಿ ಹೇಳಿದ ಇನ್ನೊಂದು ಕಾದಂಬರಿಯನ್ನು ನಾವು ಓದಿಲ್ಲ. ಶಿಕ್ಷಕ ತರಬೇತಿಯಲ್ಲಿ ಇದನ್ನು ಪಠ್ಯವಾಗಿ ಇಟ್ಟಿದ್ದರೆ ಎಷ್ಟೋ ಉಪನ್ಯಾಸಗಳು ಉಳಿಯುತ್ತಿದ್ದವು.

‘ಗ್ರಾಮಾಯಣ’ದ ರೀತಿ ಬೇರೆ. ಅಲ್ಲಿ ಪಾದಳ್ಳಿ ಎಂಬ ಊರೇ ನಾಯಕ. ಹೊರಗಿನಿಂದ ಬಂದು ನೋಡುವವನು ಯಾರೂ ಇಲ್ಲ. ಎಲ್ಲರೂ ಒಳಗಿನವರೇ, ಎಲ್ಲರಿಗೂ ಪಾಲುಂಟು. ಹಟ, ದುರಾಸೆ, ಮನೆತನಗಳ ಮತ್ಸರ, ಮೇಲೆ ಪ್ರಕೃತಿಯ ಮುನಿಸು, ಎಲ್ಲ ಕೂಡಿ ಒಂದು ತುಂಬಿದ ಊರು ಹಾಳೂರಾಗುತ್ತದೆ. ಉತ್ತರ ಕರ್ನಾಟಕದ ಆಡುಮಾತು ಇಡೀ ಊರಿನ ಉಸಿರಾಗಿ ಬಂದ ಕಾದಂಬರಿಗಳಲ್ಲಿ ಇದಕ್ಕೆ ಹಿರಿಯ ಸ್ಥಾನವಿದೆ. ಚಾನ್ ಕೋಮಿನ ಪುಸ್ತಕದಲ್ಲಿ ಕಾಣದ ಜಗಳಗಳೆಲ್ಲ ಇಲ್ಲಿವೆ. ರೆಡ್‌ಫೀಲ್ಡರು ಪಾದಳ್ಳಿಗೆ ಬಂದಿದ್ದರೆ ತಮ್ಮ ಸಿದ್ಧಾಂತವನ್ನು ಒಂದು ವಾರದಲ್ಲಿ ಮಡಚಿಡುತ್ತಿದ್ದರೇನೋ!

ಮೈಸೂರಿನ ಎಂ. ಎನ್. ಶ್ರೀನಿವಾಸರ ಪುಸ್ತಕವನ್ನೂ ಇಲ್ಲಿ ನೆನೆಯಬೇಕು. 1948ರಲ್ಲಿ ಮೈಸೂರು ಜಿಲ್ಲೆಯ ಒಂದು ಹಳ್ಳಿಯಲ್ಲಿ ತಿಂಗಳುಗಟ್ಟಲೆ ಇದ್ದು ಅವರು ಸಿದ್ಧಪಡಿಸಿಕೊಂಡ ಟಿಪ್ಪಣಿಗಳು 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡಿನಲ್ಲಿ ಕಿಡಿಗೇಡಿಗಳು ಇಟ್ಟ ಬೆಂಕಿಗೆ ಸುಟ್ಟುಹೋದವು. ಅವರು ನೆನಪಿನಿಂದಲೇ ಬರೆದರು; ಪುಸ್ತಕ 1976ರಲ್ಲಿ ಬಂತು. ಟಿಪ್ಪಣಿ ಸುಟ್ಟರೂ ಊರು ಉಳಿಯಿತು. ಕನ್ನಡದ ಹಳ್ಳಿಯೊಂದರ ಅತ್ಯುತ್ತಮ ಚಿತ್ರಗಳಲ್ಲಿ ಒಂದು ಹೀಗೆ ಇಂಗ್ಲಿಷಿನಲ್ಲಿ ರಚಿತವಾಯಿತೆಂಬುದನ್ನು ಮಾತ್ರ ಹೇಳಿ ಮುಂದೆ ಹೋಗುತ್ತೇವೆ.

ಇಷ್ಟೆಲ್ಲ ಮೆಚ್ಚಿದ ಮೇಲೆ ನಮ್ಮ ಆಕ್ಷೇಪ. ಬನಗರವಾಡಿಯಲ್ಲಿ ಮರಾಠಿ ಒಂದೇ ಕೇಳುತ್ತದೆ, ಪಾದಳ್ಳಿಯಲ್ಲಿ ಕನ್ನಡ ಒಂದೇ. ಮಾಡಗೂಳಕರರ ಸೀಮೆಗೆ ಜತ್ತ ತಾಲ್ಲೂಕು ನೆರೆಯದು. ಅಲ್ಲಿಯ ಕುರುಬರ ಬಿರೋಬಾ ನಮ್ಮ ಬೀರಪ್ಪನೇ. ವಿಠ್ಠಲನ ಮೂಲವನ್ನೇ ಕನ್ನಡ ನೆಲದ ದನಗಾಹಿ, ಕುರಿಗಾಹಿ ಜನರಲ್ಲಿ ಹುಡುಕಿದವರು ಮರಾಠಿಯ ಹಿರಿಯ ಸಂಶೋಧಕ ರಾ. ಚಿಂ. ಢೇರೆಯವರು. ನಮ್ಮ ಶಂ. ಬಾ. ಜೋಶಿಯವರಂತೂ ‘ಎಡೆಗಳು ಹೇಳುವ ಕಂನಾಡ ಕಥೆ’ ಎಂದು ಸ್ಥಳನಾಮಗಳನ್ನೇ ಸಾಕ್ಷಿಗೆ ಕರೆದು, ಮಹಾರಾಷ್ಟ್ರ ಸಂಸ್ಕೃತಿಯ ಬಗ್ಗೆ ಮರಾಠಿಯಲ್ಲಿಯೇ ಗ್ರಂಥ ಬರೆದರು. ಸಂಶೋಧಕರು ಕಂಡ ಈ ಬೆರಕೆ ಕಾದಂಬರಿಕಾರರ ಕಿವಿಗೆ ಬೀಳಲಿಲ್ಲ. ಅವರವರ ಊರನ್ನು ಅವರವರು ಬರೆದರು, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅವರನ್ನು ಮಾದರಿಯಾಗಿ ಇಟ್ಟುಕೊಂಡು ಮಾಕಣಿಯನ್ನು ಬರೆಯ ಹೊರಟವರು, ಊರಿಗೊಂದೇ ಮಾತು ಎಂಬ ನಂಬಿಕೆಯನ್ನೂ ಜೊತೆಗೆ ಕೊಂಡೊಯ್ಯುತ್ತಾರೆ. ಅಲ್ಲಿ ನಮ್ಮ ಊರು ಕೈ ತಪ್ಪುತ್ತದೆ.

ಮಹಾರಾಷ್ಟ್ರದ ಶಾಲೆಗಳ ಜನರಲ್ ರಜಿಸ್ಟರಿನಲ್ಲಿ ‘ಮಾತೃಭಾಷಾ’ ಎಂಬ ಒಂದು ಕಾಲಂ ಇದೆ. ಅದರ ಅಗಲ ಒಂದು ಶಬ್ದಕ್ಕೆ ಸಾಲುವಷ್ಟು. ಮಗುವಿನ ಹೆಸರು ಹಚ್ಚಲು ಬಂದ ಅಪ್ಪನನ್ನು ಕೇಳಿದರೆ ಅವನು ಒಂದು ಗಳಿಗೆ ತಡೆಯುತ್ತಾನೆ. ಅವನ ತಾಯಿಗೂ ಅವನಿಗೂ ನಡೆಯುವ ಮಾತು ಕನ್ನಡ. ಹೆಂಡತಿ ಮರಾಠಿ ಮನೆಯಿಂದ ಬಂದವಳಾಗಿರಬಹುದು. ಮಗು ಅಜ್ಜಿಗೆ ಒಂದರಲ್ಲಿ, ಅವ್ವನಿಗೆ ಇನ್ನೊಂದರಲ್ಲಿ ಉತ್ತರ ಕೊಡುತ್ತದೆ. ಆತ ತಡೆದ ಆ ಒಂದು ಗಳಿಗೆಯೇ ನಮ್ಮ ಭಾಗದ ಸಾಹಿತ್ಯದ ವಸ್ತು. ಕಾಲಂ ತುಂಬಿದ ಮೇಲೆ ವಸ್ತು ಮುಗಿಯಿತು. ನಮ್ಮ ಪುಸ್ತಕಗಳು, ಸಂಚಿಕೆಗಳು ಆ ಕಾಲಮ್ಮನ್ನು ತುಂಬುವ ಕೆಲಸವನ್ನೇ ಮಾಡುತ್ತಿವೆ. ಆ ಕಡೆಯವರು ಮರಾಠಿ ಎಂದು, ನಾವು ಕನ್ನಡ ಎಂದು.

ಮಾಕಣಿ ತೇರಣಾ ನದಿಯ ದಂಡೆಯ ಊರು. ಹಿಂದೆ ಉಮರ್ಗಾ ತಾಲ್ಲೂಕಿನಲ್ಲಿತ್ತು, ಈಗ ಲೋಹಾರಾ ತಾಲ್ಲೂಕು, ಧಾರಾಶಿವ ಜಿಲ್ಲೆ. ಪ್ರಾಚೀನ ತಗರವೆಂದು ಹೆಸರಾದ ತೇರ ಇದೇ ನದಿಯ ಮೇಲಿದೆ. ನದಿ ಮುಂದೆ ಮಾಂಜರೆಯನ್ನು ಕೂಡಿ, ಬೀದರ ಜಿಲ್ಲೆಯನ್ನು ಹಾಯ್ದು ಗೋದಾವರಿಗೆ ಹೋಗುತ್ತದೆ. ನೀರಿಗೆ 1956 ಗೊತ್ತಿಲ್ಲ. ಅದಕ್ಕೆ ಮೊದಲು ಈ ಸೀಮೆಯೆಲ್ಲ ಹೈದರಾಬಾದ ಸಂಸ್ಥಾನ. ಉಮರ್ಗಾ ಉಸ್ಮಾನಾಬಾದ ಜಿಲ್ಲೆಯಲ್ಲಿ, ಉದಗೀರ ಮತ್ತು ನಿಲಂಗಾ ಬೀದರ ಜಿಲ್ಲೆಯಲ್ಲಿ ಇದ್ದವು. ಪುನರ್ವಿಂಗಡಣೆಯಲ್ಲಿ ಬೀದರ ಜಿಲ್ಲೆ ಮೈಸೂರಿಗೆ ಬಂದಾಗ ಉದಗೀರ, ನಿಲಂಗಾ, ಅಹಮದಪುರ ತಾಲ್ಲೂಕುಗಳು ಮುಂಬಯಿ ರಾಜ್ಯಕ್ಕೆ ಹೋದವು. 1982ರಲ್ಲಿ ಲಾತೂರ ಬೇರೆ ಜಿಲ್ಲೆಯಾಯಿತು. ನಿಜಾಮನ ಕಾಲದಲ್ಲಿ ಕಚೇರಿಯ ಮಾತು ಉರ್ದು. ಹೀಗಾಗಿ ಇಲ್ಲಿಯ ರೈತನ ಅಜ್ಜನ ಕಾಗದ ಉರ್ದುವಿನಲ್ಲಿ, ಅವನ ಸಾತಬಾರಾ ಉತಾರಾ ಮರಾಠಿಯಲ್ಲಿ, ಎತ್ತಿಗೆ ಹೇಳುವ ಮಾತು ಕನ್ನಡದಲ್ಲಿ. ಕೂರಿಗೆ ಎಂದರೂ ತಿಳಿಯುತ್ತದೆ, ತಿಫಣ ಎಂದರೂ ತಿಳಿಯುತ್ತದೆ. ಕಣವೂ ಹೌದು, ಖಳೆಯೂ ಹೌದು. ಅಜ್ಜ ಜೋಳ ತುಂಬಿಟ್ಟ ಹಗೇವು ಮೊಮ್ಮಗನ ಬಾಯಲ್ಲಿ ಪೇವ ಆಗಿದೆ. ‘ಏನ್ ಮಾಡ್ಲತ್ತಿರಿ ಕಾಕಾ’ ಎಂದು ಕನ್ನಡದಲ್ಲಿ ಕೇಳುವ ಹುಡುಗನಿಗೆ ಆ ಕಾಕಾ ಎಂಬುದು ಯಾವ ಭಾಷೆಯದೆಂಬ ಯೋಚನೆಯೇ ಇಲ್ಲ.

ಇದರ ಪೂರ್ಣ ರೂಪ ನೋಡಬೇಕಾದರೆ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಹೋಗಬೇಕು. ಮಾರ್ಗಶಿರ ಅಮಾವಾಸ್ಯೆಯಂದು ಲಾತೂರ, ಧಾರಾಶಿವ ಜಿಲ್ಲೆಗಳ ಊರುಗಳು ಖಾಲಿಯಾಗುತ್ತವೆ, ಎಲ್ಲರೂ ಹೊಲದಲ್ಲಿ. ಜಿಲ್ಲಾಡಳಿತ ಸ್ಥಳೀಯ ರಜೆ ಕೊಡುವಷ್ಟು ದೊಡ್ಡ ಹಬ್ಬ. ಕಣಿಕೆಯ ಕೊಪ್ಪೆ ಕಟ್ಟಿ, ಐದು ಕಲ್ಲುಗಳಿಗೆ ಸುಣ್ಣ ಹಚ್ಚಿ ಪಾಂಡವರೆಂದು ಪೂಜಿಸಿ, ಹಸಿಗಾಳು, ಸೊಪ್ಪು ಕೂಡಿಸಿ ಮಾಡಿದ ಭಜ್ಜಿ, ಸಜ್ಜಿ ರೊಟ್ಟಿ, ಮಣ್ಣಿನ ಗಡಿಗೆಯ ಅಂಬಲಿ ಉಣ್ಣುತ್ತಾರೆ. ಮರಾಠಿಯಲ್ಲಿ ಇದಕ್ಕೆ ವೇಳ ಅಮಾವಾಸ್ಯಾ ಎಂದೂ, ಜನರ ಬಾಯಲ್ಲಿ ಯೇಳವಸ ಎಂದೂ ಹೆಸರು. ಎಳ್ಳಮಾವಾಸ್ಯೆಯೇ ಯೇಳವಸವಾಯಿತೆಂದು ಮರಾಠಿ ಪತ್ರಿಕೆಗಳೇ ವರ್ಷವರ್ಷ ಬರೆಯುತ್ತವೆ. ಅಂಬಲಿಯೂ ಅಲ್ಲಿ ಅಂಬಿಲವಾಗಿ ಉಳಿದಿದೆ. ಚರಗ ಚೆಲ್ಲುತ್ತ ಹೊಲ ಸುತ್ತುವವರು ಒಂದು ಕೂಗು ಹಾಕುತ್ತಾರೆ. ಅದು ನಮ್ಮ ಕಡೆಯ ಚರಗದ ಕೂಗೇ; ಮರಾಠಿ ಬಾಯಲ್ಲಿ ಉರುಟಾಗಿ, ನಯವಾಗಿ, ಅರ್ಥ ಕಳೆದು, ಲಯ ಮಾತ್ರ ಉಳಿದ ಕನ್ನಡ. ಒಂದು ಅಕ್ಷರ ಕನ್ನಡ ಬಾರದ ಮರಾಠಿ ಕುಟುಂಬಗಳು ವರ್ಷಕ್ಕೊಮ್ಮೆ ಕನ್ನಡದಲ್ಲಿ ಭೂಮಿತಾಯಿಯನ್ನು ಕರೆಯುತ್ತವೆ. ಯಾವ ಶಿಲಾಶಾಸನಕ್ಕಿಂತ ಇದು ಕಡಿಮೆ? ಆದರೂ ನಮ್ಮ ಸಂಚಿಕೆಗಳಲ್ಲಿ ಶಾಸನಕ್ಕೆ ನಾಲ್ಕು ಪುಟ, ಇದಕ್ಕೆ ಒಂದು ಸಾಲು ಸಿಕ್ಕರೆ ಹೆಚ್ಚು.

ಈ ಸೀಮೆಯ ಪುಸ್ತಕ ಭೂಕಂಪವನ್ನು ಬಿಟ್ಟು ನಡೆಯಲಾರದು. 1993ರ ಸೆಪ್ಟೆಂಬರ್ 30, ಅನಂತ ಚತುರ್ದಶಿಯ ಗಣಪತಿಗಳನ್ನು ಕಳಿಸಿ ಜನ ಮಲಗಿದ ರಾತ್ರಿ. ನಸುಕಿನ ನಾಲ್ಕು ಗಂಟೆಗೆ ಕೆಲವು ನಿಮಿಷ ಮೊದಲು ಕಿಲಾರಿ, ಸಾಸ್ತೂರ ಮತ್ತು ಸುತ್ತಲಿನ ಹಳ್ಳಿಗಳು ನೆಲಕ್ಕೆ ಬಿದ್ದವು. ಸರಕಾರದ ಲೆಕ್ಕದಂತೆಯೇ ಸುಮಾರು 8,000 ಜನ ಸತ್ತರು. ಕಲ್ಲು, ಮಣ್ಣಿನ ದಪ್ಪ ಗೋಡೆ, ಮೇಲೆ ಮೊಳದುದ್ದ ಮಣ್ಣಿನ ಮಾಳಿಗೆ; ಬೇಸಿಗೆಯಲ್ಲಿ ತಂಪಾಗಿರಿಸಿದ ಆ ಮನೆಗಳೇ ಮಲಗಿದವರ ಮೇಲೆ ಕುಸಿದವು. ಮಾಕಣಿಯ ಬಳಿ ತೇರಣೆಗೆ ಕಟ್ಟಿದ ಅಣೆಕಟ್ಟಿನ ನೀರಿನ ಭಾರವೂ ಕಾರಣವಾಗಿರಬಹುದೇ ಎಂಬ ಚರ್ಚೆ ಭೂವಿಜ್ಞಾನಿಗಳಲ್ಲಿ ಬಹಳ ಕಾಲ ನಡೆಯಿತು. ಅನಂತರ 52 ಹಳ್ಳಿಗಳನ್ನು ಹಳೆಯ ಜಾಗದಿಂದ ಎತ್ತಿ ಹೊಸ ಜಾಗದಲ್ಲಿ ಕಟ್ಟಿದರು. ಅಗಲವಾದ ರಸ್ತೆಗಳು, ನೇರವಾದ ಸಾಲುಗಳು, ಒಂದರಂತೆ ಒಂದು ಮನೆ.

ಇಲ್ಲಿ ಚಾನ್ ಕೋಮನ್ನು ಮತ್ತೆ ನೆನೆಯಬೇಕು. ಆ ಜನ ನೇರ ಬೀದಿಗಳನ್ನು ತಾವೇ ಎಳೆದರು. ಪ್ರಗತಿಯನ್ನು ಆರಿಸಿಕೊಂಡರು ಎನ್ನಿಸಿಕೊಂಡರು. ನಮ್ಮವರಿಗೆ ನೇರ ಬೀದಿಗಳು ಒಂದು ರಾತ್ರಿಯ ಸಾವಿನ ಬೆಲೆಗೆ ಬಂದವು. ಹಳೆಯ ಊರಿನಲ್ಲಿ ಗೋಡೆಗೆ ಗೋಡೆ ಹತ್ತಿತ್ತು, ಒಂದು ಮನೆಯ ಸಾರಿನ ಒಗ್ಗರಣೆ ಇನ್ನೊಂದು ಮನೆಗೆ ತಿಳಿಯುತ್ತಿತ್ತು. ಅಗಸಿಯ ಒಳಗೆ ಓಣಿ, ಓಣಿಯ ಒಳಗೆ ಅಂಗಳ, ಅಂಗಳದಲ್ಲಿ ನಾಲ್ಕು ಮನೆಯ ಹೆಂಗಸರ ಹಾಡು, ಜಗಳ. ಬರವಣಿಗೆಯಿಲ್ಲದ ಮಾತು ಉಳಿಯುವುದು ಇಂಥ ಅಂಗಳಗಳಲ್ಲಿ. ಕನ್ನಡ ಶಾಲೆಯಿಲ್ಲದ ಊರಿನ ಕನ್ನಡ ಶಾಲೆ ಅದೇ ಆಗಿತ್ತು. ಅಂಗಳವಿಲ್ಲದ ಸಾಲುಮನೆಗಳಲ್ಲಿ ಅಜ್ಜಿಯ ಮಾತಿಗೆ ಏನಾಯಿತು? ಕಾದಂಬರಿಕಾರನೊಬ್ಬನಿಗೆ ಇದಕ್ಕಿಂತ ದೊಡ್ಡ ಪ್ರಶ್ನೆ ಬೇಕೆ? ಪಾದಳ್ಳಿಯ ನಾಶವನ್ನು ರಾವಬಹಾದ್ದೂರರು ಕಲ್ಪಿಸಿ ಬರೆದರು. ಇಲ್ಲಿ ಕಲ್ಪಿಸಬೇಕಾದ ಅಗತ್ಯವೇ ಇರಲಿಲ್ಲ. ಆದರೂ ನಮ್ಮ ಕೈಗೆ ಬಂದ ಕನ್ನಡ ಪುಸ್ತಕಗಳಲ್ಲಿ ಆ ರಾತ್ರಿ ಒಂದು ಪ್ರಸ್ತಾಪವಾಗಿ ಕೂಡ ಕಾಣಿಸಿಕೊಂಡಿಲ್ಲ.

ಈ ಮಾತನ್ನು ನಾವು ಸಭೆಗಳಲ್ಲಿ ಎತ್ತಿದಾಗ ಮಿತ್ರರಿಂದ ಬರುವ ಮರುಮಾತು ಒಂದೇ. ಮಾಕಣಿಯ ಕನ್ನಡ ಶುದ್ಧವಲ್ಲ, ಅದರಲ್ಲಿ ಮರಾಠಿ ಬೆರೆತಿದೆ, ಉರ್ದು ಬೆರೆತಿದೆ, ಅದನ್ನು ಅಚ್ಚು ಹಾಕಿದರೆ ನಮ್ಮ ಮೊಕದ್ದಮೆಯೇ ದುರ್ಬಲವಾಗುತ್ತದೆ ಎಂದು. ಇದನ್ನು ನಾವು ಒಪ್ಪುವುದಿಲ್ಲ. ಹುಮನಾಬಾದದ ಮಾಣಿಕಪ್ರಭುಗಳು ಕನ್ನಡ, ಮರಾಠಿ, ಹಿಂದಿಗಳಲ್ಲಿ ಪದ ರಚಿಸಿದರು. ಕಾಖಂಡಕಿಯ ಮಹಿಪತಿದಾಸರು ಕನ್ನಡ, ಮರಾಠಿ ಎರಡರಲ್ಲಿಯೂ ಹಾಡಿದರು. ಕಪಿಲಧಾರದ ಮನ್ಮಥ ಸ್ವಾಮಿಗಳ ‘ಪರಮರಹಸ್ಯ’ ವೀರಶೈವ ತತ್ತ್ವವನ್ನು ಮರಾಠಿಯಲ್ಲಿ ಹೇಳಿತು. ನಮ್ಮ ಸೀಮೆಯ ಲಿಂಗಾಯತ ಮನೆಗಳಲ್ಲಿ ವಚನಗಳಷ್ಟೇ ಭಕ್ತಿಯಿಂದ ಅವರ ಅಭಂಗಗಳನ್ನು ಹಾಡುತ್ತಾರೆ. ಕನ್ನಡ ವಿಮರ್ಶೆ ಆ ಗ್ರಂಥವನ್ನು ತನ್ನದೆಂದು ಒಮ್ಮೆಯಾದರೂ ಓದಬೇಕಿತ್ತು. ಸೊಲ್ಲಾಪುರದ ಜಯದೇವಿತಾಯಿ ಲಿಗಾಡೆಯವರು ಮರಾಠಿ ಶಾಲೆಯಲ್ಲಿ ಕಲಿತು, ಕನ್ನಡವನ್ನು ಸ್ವಂತ ಪ್ರಯತ್ನದಿಂದ ಸಾಧಿಸಿ, ಸಿದ್ಧರಾಮೇಶ್ವರ ಪುರಾಣ ಬರೆದು, 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು. ಆ ಪೀಠವೇರಿದ ಮೊದಲ ಮಹಿಳೆ ಅವರೇ. ಅವರ ಕನ್ನಡದ ಹಿಂದೆ ಮರಾಠಿ ಇತ್ತು ಎಂಬ ಕಾರಣಕ್ಕೆ ಯಾರ ಮೊಕದ್ದಮೆಯೂ ದುರ್ಬಲವಾಗಲಿಲ್ಲ.

ಆ ಕಡೆಯವರ ಜಾಣತನವನ್ನೂ ನೋಡಬೇಕು. 2022ರ ಏಪ್ರಿಲ್‌ನಲ್ಲಿ ಅಖಿಲ ಭಾರತೀಯ ಮರಾಠಿ ಸಾಹಿತ್ಯ ಸಮ್ಮೇಳನದ 95ನೆಯ ಅಧಿವೇಶನ ಉದಗೀರದಲ್ಲಿ ನಡೆಯಿತು. ಗಡಿಯ ಊರನ್ನು ತಮ್ಮ ಸಾಹಿತ್ಯದ ನಡುಮನೆಗೆ ಕರೆದುಕೊಳ್ಳುವ ಬಗೆ ಅದು. ನಮ್ಮಲ್ಲಿ ಉದಗೀರವೆಂದರೆ ಒಂದು ನಕಾಶೆಯ ಚುಕ್ಕೆ.

ಪುಸ್ತಕ ಬರುವ ತನಕ ಏನು ಮಾಡಬೇಕು? ಕಾದಂಬರಿಕಾರರು ಹೇಳಿ ಕರೆಸಿದರೆ ಬರುವವರಲ್ಲ. ಮಾಸ್ತರರು ಮಾತ್ರ ಊರೂರಿಗೆ ಇದ್ದಾರೆ. ಇಲ್ಲಿ ಒಂದು ತೊಡಕಿದೆ, ಅದನ್ನು ಮುಚ್ಚಿಡಬಾರದು. ಮಾಕಣಿಯ ಕಡೆಯ ನಮ್ಮ ಎಳೆಯರು ಕನ್ನಡ ಆಡಬಲ್ಲರು, ಕನ್ನಡ ಅಕ್ಷರ ಓದಲಾರರು. ಅವರಿಗೆ ಬಂದ ಲಿಪಿ ದೇವನಾಗರಿ. ಅಂದರೆ ಈ ಸಂಚಿಕೆಯೇ ಅವರಿಗೆ ಮುಚ್ಚಿದ ಪುಸ್ತಕ. ಅಂಥವರು ತಮ್ಮ ಕನ್ನಡವನ್ನು ದೇವನಾಗರಿಯಲ್ಲಿ ಬರೆದು ಕಳಿಸಿದರೆ ನಾವು ಹಿಂದಿರುಗಿಸಬಾರದು. ಎಡಗಡೆ ಅವರು ಬರೆದಂತೆ, ಬಲಗಡೆ ಕನ್ನಡ ಅಕ್ಷರಗಳಲ್ಲಿ, ಎರಡನ್ನೂ ಅಚ್ಚು ಹಾಕೋಣ. ಅವರು ಬಲಗಡೆಯ ಪುಟದಿಂದ ಅಕ್ಷರ ಕಲಿತರೆ ಸಂತೋಷ. ಕಲಿಯದಿದ್ದರೂ ಅವರ ಅಜ್ಜಿಯ ಮಾತು ಕಾಗದದ ಮೇಲೆ ಉಳಿಯಿತು. ಲಿಪಿಯ ಅಭಿಮಾನದಲ್ಲಿ ನಾವು ಯಾರಿಗೂ ಕಡಿಮೆಯಿಲ್ಲ; ಆದರೆ ಮಾತು ಹೋದ ಮೇಲೆ ಲಿಪಿಯಿಂದ ಬರೆಯುವುದೇನನ್ನು?

ಕಾರ್ಯಕಾರಿ ಮಂಡಳದವರು ಮುಂದಿನ ಸಂಚಿಕೆಯಲ್ಲಿ ಇದಕ್ಕಾಗಿ ಎಂಟು ಪುಟಗಳನ್ನು ಬಿಟ್ಟುಕೊಡಲಿ. ಬೇಕಾದರೆ ನಮ್ಮ ಲೇಖನದ ಪುಟಗಳನ್ನೇ ತೆಗೆದುಕೊಳ್ಳಲಿ. ವಿಷಯ ಒಂದೇ ಇರಲಿ: ಒಂದು ಮನೆ, ಒಂದು ದಿನ, ಆ ದಿನ ಆ ಮನೆಯಲ್ಲಿ ಆಡಿದ ಮಾತು, ಆಡಿದಂತೆ. ಎಲ್ಲಿಂದ ತೊಡಗಬೇಕೆಂದು ತೋಚದವರು ಈ ಸಲದ ಯೇಳವಸಕ್ಕೆ ಯಾರದಾದರೂ ಹೊಲಕ್ಕೆ ಹೋಗಲಿ. ಚರಗದ ಗಡಿಗೆ ಹಿಡಿದು ಸುತ್ತುವವರ ಹಿಂದೆ ಒಂದು ವಹಿ, ಒಂದು ಪೆನ್ಸಿಲ್ ಹಿಡಿದು ನಡೆಯಲಿ. ಅವರು ಕೂಗಿದ್ದನ್ನು ಕಿವಿಗೆ ಬಿದ್ದಂತೆ, ಕನ್ನಡವೆಂದು ತಿದ್ದದೆ, ಮರಾಠಿಯೆಂದು ತಿದ್ದದೆ, ಬರೆದುಕೊಳ್ಳಲಿ. ಆಮೇಲೆ ಕೊಪ್ಪೆಯ ನೆರಳಿನಲ್ಲಿ ಕುಳಿತ ಹಿರಿಯಳನ್ನು ಅದರ ಅರ್ಥವೇನೆಂದು ಕೇಳಿ, ಅವಳು ಹೇಳಿದ್ದನ್ನು ಕೆಳಗಿನ ಸಾಲಿನಲ್ಲಿ ಬರೆಯಲಿ.